‘ಛಲೋ ಹಾಡಿದ್ರಿ’ ಅಂದವರೆಲ್ಲ ಮನೆಗೆ ಹೋದ ಮೇಲೆ

ಹೋದ ವರ್ಷದ ಶ್ರಾವಣದಲ್ಲಿ ಗಂಗಾವತಿಯ ಒಂದು ಮಠದಲ್ಲಿ ಮೊದಲ ಸಲ ಮೈಕಿನ ಮುಂದೆ ಕೂತು ಹಾಡಿದೆ. ಈ ವರ್ಷವೂ ಅದೇ ಮಠ, ಅದೇ ಕಟ್ಟೆ. ಮೊನ್ನೆ ಭಾನುವಾರ ಕೊಪ್ಪಳಕ್ಕೆ ಹೋಗಿ ಆ ಹಾಡಿನ ತಪ್ಪು-ಒಪ್ಪು ಎಲ್ಲ ಕೇಳಿಸಿಕೊಂಡು ಬಂದೆ. ಈ ಎರಡು ಶ್ರಾವಣಗಳ ನಡುವೆ ಹಾಡೋದು ಎಷ್ಟು ಕಲಿತೆನೋ, ಅದನ್ನು ಬೇರೆಯವರು ಹೇಳಬೇಕು. ಆ ಬೇರೆಯವರ ಬಾಯಿಂದ ನಿಜ ಹೊರಡಿಸೋದನ್ನು, ಇನ್ನೊಬ್ಬರ ಹಾಡಿನ ಬಗ್ಗೆ ನಾನು ಯಾವಾಗ ಬಾಯಿ ಬಿಡಬೇಕು ಅನ್ನೋದನ್ನು ಮಾತ್ರ ಪೆಟ್ಟು ತಿಂದು ಕಲಿತೆ. ನಮ್ಮ ಕಡೆ ಮಠದಲ್ಲಿ, ಭಜನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಹೊಸದಾಗಿ ಹಾಡುತ್ತಿರುವವರು ಬಹಳ ಜನ ಇದ್ದೀರಿ. ನಾನು ಬಿದ್ದ ಗುಂಡಿಗೇ ನೀವೂ ಬೀಳೋದು ಬೇಡ ಅಂತ ಬರೆಯುತ್ತಿದ್ದೇನೆ.

ನನಗೆ ವಯಸ್ಸು 43. ಸೊಸೈಟಿಯೊಂದರಲ್ಲಿ ಕ್ಲರ್ಕ್. ಮದುವೆಗೆ ಮುಂಚೆ ಆರು ವರ್ಷ ಹಿಂದೂಸ್ತಾನಿ ಕಲಿತಿದ್ದೆ. ಆಮೇಲೆ 18 ವರ್ಷ ಹಾರ್ಮೋನಿಯಂ ಪೆಟ್ಟಿಗೆ ಅಟ್ಟದ ಮೇಲೆ. ಮಗಳು ಪಿಯುಸಿಗೆ ಧಾರವಾಡಕ್ಕೆ ಹೋದ ಮೇಲೆ ಮತ್ತೆ ಕೆಳಗಿಳಿಸಿದೆ.

ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ ತಿಂಗಳಿಡೀ ಪುರಾಣ ಪ್ರವಚನ ಇರುತ್ತದಲ್ಲ, ಅದಕ್ಕೆ ಮುಂಚೆ ಅರ್ಧ ಗಂಟೆ ಸಂಗೀತ ಸೇವೆ. ನನಗೆ ಸಿಕ್ಕಿದ್ದು 25 ನಿಮಿಷ. ಭೀಮ್‌ಪಲಾಸ್ ರಾಗದಲ್ಲಿ ಒಂದು ಛೋಟಾ ಖ್ಯಾಲ್ (ಚುರುಕು ಲಯದ ಸಣ್ಣ ಹಾಡು), ಎರಡು ವಚನ, ಒಂದು ದಾಸರ ಪದ. ಎಡಕ್ಕೆ ಹಾರ್ಮೋನಿಯಂಗೆ ನನ್ನ ಗುರುಗಳು, ಬಲಕ್ಕೆ ಕೊಪ್ಪಳದ ತಬಲಾ ಮಾಸ್ತರರು. ಹಾಡಿ ಕೆಳಗಿಳಿದಾಗ ಚಪ್ಪಲಿ ಹುಡುಕುವಷ್ಟರಲ್ಲಿ 14 ಮಂದಿ ‘ಛಲೋ ಹಾಡಿದ್ರಿ’ ಅಂದರು. ಎಣಿಸಿದ್ದೆ, ಹೌದು. ಹದಿನೈದನೆಯವರು ‘ಮೈಕ್ ಸ್ವಲ್ಪ ಜೋರಿತ್ರಿ’ ಅಂದರು. ನನಗೆ ಅವರ ಮೇಲೆ ಸಿಟ್ಟು ಬಂತು.

ರಾತ್ರಿ 11ಕ್ಕೆ ಅಡುಗೆಮನೆಯಲ್ಲಿ ಕೂತು ಮೈದುನ ತೆಗೆದಿದ್ದ ವಿಡಿಯೋ ಹಾಕಿದೆ. ಮೊದಲ ಅರ್ಧ ನಿಮಿಷ, ಇದು ನನ್ನ ದನಿಯೇ ಅಲ್ಲ ಅನ್ನಿಸಿತು, ತೆಳ್ಳಗೆ, ಮೂಗಿನಲ್ಲಿ. (ಇದಕ್ಕೆ ಯಾರೂ ಹೆದರಬೇಡಿ. ನಾವು ಹಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಲೂ ಬರುತ್ತದೆ, ತಲೆಯ ಎಲುಬಿನ ಮೂಲಕವೂ ಬರುತ್ತದೆ. ಎಲುಬಿನಿಂದ ಬಂದದ್ದು ದನಿಗೆ ಗಾತ್ರ ಕೊಡುತ್ತದೆ. ರೆಕಾರ್ಡಿಂಗ್‌ನಲ್ಲಿ ಅದು ಇರುವುದಿಲ್ಲ. ಹತ್ತು ಸಲ ಕೇಳಿದರೆ ರೂಢಿಯಾಗುತ್ತದೆ.) ಅದರ ಮುಂದಿನದು ಮಾತ್ರ ರೂಢಿಯಾಗುವಂಥದ್ದಲ್ಲ. ಭೀಮ್‌ಪಲಾಸ್‌ನ ಆರೋಹದಲ್ಲಿ, ಅಂದರೆ ಸ್ವರ ಮೇಲೇರುವಾಗ, ರಿ, ಧ ಎರಡೂ ಇಲ್ಲ. ನಾನು ಒಂದು ತಾನಿನಲ್ಲಿ (ಸ್ವರಗಳ ವೇಗದ ಓಟ) ಸಲೀಸಾಗಿ ಧೈವತ, ಅಂದರೆ ಆ ಧ, ಹತ್ತಿ ಹೋಗಿದ್ದೆ. ಮೂರನೇ ಹಾಡಿಗೆ ಬರುವಷ್ಟರಲ್ಲಿ ದನಿ ಹಾರ್ಮೋನಿಯಂಗಿಂತ ಮೇಲೆ ಏರಿ ಕೂತಿತ್ತು. ಕಟ್ಟೆಯ ಮೇಲೆ ನನ್ನ ದನಿ ನನಗೆ ಕೇಳಿಸುವಂತೆ ಮಾನಿಟರ್ ಇರಲಿಲ್ಲ, ತಲೆ ಮೇಲೆ ಫ್ಯಾನು, ಮುಂದೆ ಮಕ್ಕಳ ಗದ್ದಲ. ಕೇಳಿಸಲಿಲ್ಲ ಅಂತ ನೂಕಿ ಹಾಡಿದ್ದೆ, ನೂಕಿದಾಗ ಶ್ರುತಿ ಏರಿತ್ತು.

ಆ 14 ಮಂದಿಯಲ್ಲಿ ಒಬ್ಬರಾದರೂ ಹೇಳಬಾರದಿತ್ತೇ ಅಂತ ಮರುದಿನ ಗುರುಗಳ ಮನೆಗೆ ಹೋದೆ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಹುಟ್ಟಿನಿಂದ ಕಣ್ಣಿಲ್ಲ, ಸೂಜಿ ಬಿದ್ದರೆ ಯಾವ ಸ್ವರ ಅಂತ ಹೇಳುವ ಕಿವಿ.

‘ನಿನ್ನೆ ಶ್ರುತಿ ಏರಿತ್ತಲ್ರಿ ಅಜ್ಜಾರ, ನೀವ್ಯಾಕ ಹೇಳಲಿಲ್ರಿ?’

‘ಎಲ್ಲಿ ಹೇಳ್ಲಿ? ನೀ ಕೆಳಗಿಳಿದಾಗ ನಾಕ್ ಮಂದಿ ನನ್ನ ಕಾಲಿಗೆ ಬೀಳಾಕತ್ತಿದ್ರು. ಅವರ ತಲಿ ಮ್ಯಾಲ ಕೈ ಇಟ್ಟು ನಿಂಗ ಬೈಲೇನು?’

ಆಮೇಲೆ ಅವರು ಎಂದಿನಂತೆ ‘ಇನ್ನೊಮ್ಮಿ ಹಾಡು’ ಅಂದರು. ಹಾಡಿದೆ. ‘ಇನ್ನೊಮ್ಮಿ’ ಅಂದರು. ಗುರುಗಳ ವಿಮರ್ಶೆ ಅಂದರೆ ಇಷ್ಟೇ. ಏಳು ಸಲ ಹಾಡಿಸಿದ ಮೇಲೆ ಸುಮ್ಮನಾದರೆ ಸರಿಯಾಯಿತು ಅಂತ ಅರ್ಥ. ಅವರ ಬಗ್ಗೆ ನನಗೆ ಭಕ್ತಿ ಇದೆ. ಆದರೂ ಒಂದು ಮಾತು ಹೇಳುತ್ತೇನೆ: ಗುರು ಕೋಣೆಯೊಳಗೆ ತಿದ್ದುವುದು ಬೇರೆ, ಕಟ್ಟೆಯ ಮೇಲೆ ಏನಾಯಿತು ಅಂತ ತಿಳಿಯುವುದು ಬೇರೆ. ಕೋಣೆಯಲ್ಲಿ ನಾನು ಸರಿಯಾಗಿಯೇ ಹಾಡುತ್ತಿದ್ದೆ.

ಆಗ ಊರೆಲ್ಲ ಕೇಳತೊಡಗಿದೆ. ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕಿ ‘ತಪ್ಪು ತಿಳಿಸಿ’ ಅಂತ ಬರೆದೆ. 46 ಕೈಮುಗಿದ ಚಿತ್ರ, 9 ಹೂವು. ದೊಡ್ಡಮ್ಮನ ಸೊಸೆ ಸೀರೆಯ ಅಂಚು ಎಲ್ಲಿಯದು ಅಂತ ಕೇಳಿದಳು. ನಿವೃತ್ತ ಮಾಸ್ತರರೊಬ್ಬರು ಆರು ನಿಮಿಷದ ಧ್ವನಿ ಸಂದೇಶ ಕಳಿಸಿದರು: ಭೀಮ್‌ಪಲಾಸ್ ಹಗಲಿನ ಮೂರನೇ ಪ್ರಹರದ, ಅಂದರೆ ಮಧ್ಯಾಹ್ನದ ರಾಗ, ಸಂಜೆ ಏಳಕ್ಕೆ ಯಾಕೆ ಹಾಡಿದಿ? ಮಾತು ಸರಿ. ಮಠದವರು ಕೊಟ್ಟ ಹೊತ್ತಿಗೆ ಹಾಡಬೇಕಾದ ನಾನು ಅದನ್ನು ತಗೊಂಡು ಏನು ಮಾಡಲಿ? ಧೈವತದ ಬಗ್ಗೆ ಅವರೂ ಏನೂ ಅನ್ನಲಿಲ್ಲ.

ತಬಲಾ ಮಾಸ್ತರರನ್ನು ಕೇಳಿದಾಗ ಇನ್ನೊಂದು ಪೇಚು. ಅವರಿಗೆ ಕೊಡಬೇಕಾದ 1,500 ರೂಪಾಯಿ ಇನ್ನೂ ನನ್ನ ಪರ್ಸಿನಲ್ಲೇ ಇತ್ತು. ‘ಲಯ ಹೆಂಗಿತ್ರಿ, ಏನರೆ ತ್ರಾಸ ಆತೇನ್ರಿ?’ ಅಂದೆ. ಅವರ ಮುಖ ಸಣ್ಣಗಾಯಿತು. ‘ಯಾಕ ತಂಗೀ, ನಾ ಬಾರಿಸಿದ್ದು ಸರಿ ಬರಲಿಲ್ಲೇನು?’ ಅಂದರು. ದುಡ್ಡು ಕಡಿಮೆ ಮಾಡಲಿಕ್ಕೆ ಪೀಠಿಕೆ ಹಾಕುತ್ತಿದ್ದೇನೆ ಅಂತ ತಿಳಿದುಬಿಟ್ಟಿದ್ದರು! ಇದು ನೆನಪಿರಲಿ: ಸಾಥಿದಾರರ (ಜೊತೆಗೆ ಬಾರಿಸುವವರ) ಸಂಭಾವನೆ, ಬಸ್ ಖರ್ಚು ಎಲ್ಲ ಕೈಗಿಟ್ಟ ಮೇಲೆಯೇ ಹಾಡಿನ ಮಾತು ತೆಗೆಯಿರಿ. ಅದೂ ಅದೇ ದಿನ ಬೇಡ.

ಕಾರ್ತಿಕದಲ್ಲಿ ಮಾನ್ವಿ ತಾಲೂಕಿನ ಒಂದು ಊರಿನ ಭಜನಾ ಮಂಡಳಿಯವರು ಏಕಾದಶಿಗೆ ಕರೆದರು. ಸಿಂಧನೂರು ದಾಟಿ ಹೋಗಬೇಕು. ಶಕ್ತಿ ಯೋಜನೆ ಇರುವುದರಿಂದ ನನ್ನ ಬಸ್ಸಿಗೆ ಖರ್ಚಿಲ್ಲ, ಹಾರ್ಮೋನಿಯಂ ಇಟ್ಟುಕೊಳ್ಳಲು ಕಂಡಕ್ಟರ್ ಕೂಡ ಜಾಗ ಕೊಟ್ಟರು. ಆ ಸೀಮೆಯಲ್ಲಿ ದಾಸರ ಪದ ಹಾಡುವವರು ಸ್ವಲ್ಪ ಮೈಯೆಲ್ಲ ಕಣ್ಣಾಗಿರಬೇಕು. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಆ ಕಡೆಯವೇ. ಅಲ್ಲಿನ ಅಜ್ಜಿಯರಿಗೆ ರಾಗ ಗೊತ್ತಿರಲಿಕ್ಕಿಲ್ಲ, ಪದದ ಒಂದಕ್ಷರ ಜಾರಿದರೂ ಕೈಯಲ್ಲಿನ ತಾಳ ನಿಲ್ಲುತ್ತದೆ. ನಾನು ಸಾಹಿತ್ಯವನ್ನು ಮೂರು ದಿನ ಉರು ಹೊಡೆದಿದ್ದೆ. ಒಂದು ಮಾತೂ ತಪ್ಪಲಿಲ್ಲ. ಶ್ರುತಿಯೂ ಕೂತಿತ್ತು, ಕಿವಿ ಹತ್ತಿರ ತಂಬೂರಿ ಆ್ಯಪ್ ಹಾಕಿಟ್ಟುಕೊಂಡಿದ್ದೆ.

ಪ್ರಸಾದಕ್ಕೆ ಕೂತಾಗ ಎಂಬತ್ತರ ಮೇಲಿನ ಒಬ್ಬ ಅಜ್ಜಿ ನನ್ನ ಬಾಜೂಕ ಬಂದು ಕೂತು ಕೇಳಿದರು: ‘ಇದು ವಿಜಯದಾಸರ ಪದಾನೋ, ಗೋಪಾಲದಾಸರ ಪದಾನೋ ಬೇ?’

‘ವಿಜಯದಾಸರದ್ದು ಅಜ್ಜಿ. ವಿಜಯವಿಠಲ ಅಂತ ಅಂಕಿತ ಬರತದಲ್ಲ.’

‘ಹೌದೇನು. ವಿಠಲ ಅಂದದ್ದು ಕೇಳಿಸ್ತು, ಯಾವ ವಿಠಲ ಅಂತ ಕೇಳಿಸಲಿಲ್ಲ ನೋಡು.’

ವಯಸ್ಸಾಗಿದೆ, ಕಿವಿ ಮಂದ ಅಂದುಕೊಂಡೆ. ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ. ಈ ಮಾತನ್ನು ಇಲ್ಲಿಗೆ ಬಿಡುತ್ತೇನೆ, ಮುಂದೆ ಬರುತ್ತದೆ.

ಸಂಕ್ರಾಂತಿ ಮುಗಿದ ಮೇಲೆ ಸರ್ಕಾರಿ ಉತ್ಸವವೊಂದಕ್ಕೆ ಸ್ಥಳೀಯ ಕಲಾವಿದರ ಆಯ್ಕೆ ಇದೆ ಅಂತ ಗೊತ್ತಾಯಿತು. ಯಾವ ಉತ್ಸವ, ಯಾವ ಊರು ಬೇಡ. ಅರ್ಜಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೋ, ಸಂಗೀತ ಪರೀಕ್ಷೆಯ ಸರ್ಟಿಫಿಕೇಟು, ಹಾಡಿದ ವಿಡಿಯೋ ಇರುವ ಪೆನ್‌ಡ್ರೈವ್, ಹಿಂದೆ ಕಾರ್ಯಕ್ರಮ ಕೊಟ್ಟದ್ದಕ್ಕೆ ಆಮಂತ್ರಣ ಪತ್ರಿಕೆ. ಇಲ್ಲೇ ಸಿಕ್ಕಿಬಿದ್ದೆ. ಮಠದ ಪತ್ರಿಕೆಯಲ್ಲಿ ‘ಸ್ಥಳೀಯ ಕಲಾವಿದರಿಂದ ಸಂಗೀತ ಸೇವೆ’ ಅಂತ ಅಷ್ಟೇ ಇತ್ತು, ನನ್ನ ಹೆಸರೇ ಇಲ್ಲ. ಭಜನಾ ಮಂಡಳಿಯವರು ಪತ್ರಿಕೆಯನ್ನೇ ಹೊಡೆಸಿರಲಿಲ್ಲ. ಮಠದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಲು ಒಂಬತ್ತು ದಿನ ಹಿಡಿಯಿತು. ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟಿದ್ದರು, ಕಾರ್ಯದರ್ಶಿಗಳು ನಾಟಿ ಅಂತ ಗದ್ದೆಯಲ್ಲಿ. ಕೊನೆಗೆ ಬದುವಿನ ಮೇಲೆ ನಿಂತು ಸಹಿ ಮಾಡಿಸಿಕೊಂಡೆ. ಆ ಪತ್ರದ ಮೂಲೆಗೆ ಈಗಲೂ ಕೆಸರಿನ ಬೆರಳ ಗುರುತಿದೆ. ಪೆನ್‌ಡ್ರೈವ್ 350, ಫೋಟೋ-ಝೆರಾಕ್ಸ್ 180, ಮೈದುನನ ವಿಡಿಯೋ ತೋರಿಸುವಂತಿಲ್ಲ ಅಂತ ಸ್ಟುಡಿಯೋದಲ್ಲಿ ಹೊಸದಾಗಿ ತೆಗೆಸಿದ್ದಕ್ಕೆ 2,500. ಈಗಿನಿಂದಲೇ ಯಾರೇ ಕರೆದರೂ ‘ಪತ್ರಿಕೆಯಲ್ಲಿ ಹೆಸರು ಹಾಕ್ರಿ’ ಅಂತ ನಾಚಿಕೆ ಬಿಟ್ಟು ಹೇಳಿರಿ.

ಆಯ್ಕೆಯ ದಿನ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದ್ದರು. ನನ್ನ ಸರದಿ ಬಂದದ್ದು ಎರಡೂವರೆಗೆ. ಅಷ್ಟೊತ್ತಿಗೆ ಗಂಟಲು ಒಣಗಿ, ಎರಡು ಸಲ ಚಹಾ ಕುಡಿದು, ಅದರಿಂದ ಇನ್ನೂ ಒಣಗಿತ್ತು. ಮೂವರು ಕೂತಿದ್ದರು. ಕಣ್ಣು ಮುಚ್ಚಿ ಆಲಾಪ ಮಾಡಿ, ವಚನದ ಮೊದಲ ಸಾಲು ಎರಡು ಸಲ ತಿರುಗಿಸಿದ್ದೆ, ‘ಸಾಕ್ರಿ’ ಅಂದರು. ಹನ್ನೆರಡು ದಿನ ಬಿಟ್ಟು ಪಟ್ಟಿ ಬಂತು. ನನ್ನ ಹೆಸರಿಲ್ಲ. ಯಾಕೆ ಅಂತ ಕೇಳಲು ಹೋದರೆ ಸಮಿತಿಯ ತೀರ್ಮಾನವೇ ಅಂತಿಮ ಅಂತ ಒಂದು ಸಾಲು. ನಾಲ್ಕೂವರೆ ಗಂಟೆ ಕಾಯಿಸಿದವರು ನಾಲ್ಕು ಮಾತು ಬರೆದು ಕೊಟ್ಟರೆ ಏನು ಗಂಟು ಹೋಗುತ್ತಿತ್ತು? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಮೂವರಲ್ಲಿ ಒಬ್ಬರು ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅಂಜುತ್ತಲೇ ಮಾತಾಡಿಸಿದೆ. ನನ್ನ ದನಿ ನೆನಪಿತ್ತು ಅವರಿಗೆ. ‘ನಿಮಗ ಕೊಟ್ಟಿದ್ದು ಮೂರು ನಿಮಿಷ. ಅದರಾಗ ಒಂದೂವರೆ ನಿಮಿಷ ಆಲಾಪ ಮಾಡಿದ್ರಿ. ನಾವು ವಚನ ಕೇಳಾಕ ಕುಂತಿದ್ವಿ’ ಅಂದರು. ಬಸ್ ಬಂತು, ಹತ್ತಿ ಹೋದರು. ಒಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಉಪಯೋಗಕ್ಕೆ ಬರುವ ಮಾತು ಅದು. ಎಷ್ಟು ಹೊತ್ತು, ಏನು ಮಾಡಿದಿರಿ, ಕೇಳುವವರಿಗೆ ಏನು ಬೇಕಿತ್ತು ಎಲ್ಲ ಅದರಲ್ಲಿತ್ತು. ಒಳ್ಳೆಯದು-ಕೆಟ್ಟದ್ದು ಅನ್ನೋ ಶಬ್ದವೇ ಇರಲಿಲ್ಲ.

ಇದನ್ನು ತಬಲಾ ಮಾಸ್ತರರಿಗೆ ಹೇಳಿದಾಗ ಅವರೇ ಅಂದರು, ತಿಂಗಳಿಗೊಂದು ಭಾನುವಾರ ಕೊಪ್ಪಳದ ತಮ್ಮ ಮನೆಯಲ್ಲಿ ಕೂಡೋಣ ಅಂತ. ಮಾರ್ಚ್‌ನಲ್ಲಿ ಶುರುವಾಯಿತು. ಐದು ಮಂದಿ: ಮಾಸ್ತರರು, ನಾನು, ಹಾರ್ಮೋನಿಯಂ ಬಾರಿಸುವ ಐಟಿಐ ಮೇಷ್ಟ್ರು, ಭಾವಗೀತೆ ಹಾಡುವ ನಿವೃತ್ತ ನರ್ಸಮ್ಮ, ಕಾರಟಗಿಯ 15ರ ಒಬ್ಬ ಹುಡುಗ. ಪ್ರತಿಯೊಬ್ಬರೂ ಆ ತಿಂಗಳು ಎಲ್ಲಾದರೂ ಜನರ ಮುಂದೆ ಹಾಡಿದ್ದರ ರೆಕಾರ್ಡಿಂಗ್ ತರಬೇಕು, ಅದನ್ನು ಎಲ್ಲರೂ ಕೂಡಿ ಕೇಳಬೇಕು. ಮಧ್ಯಾಹ್ನ ವಗ್ಗರಣಿ-ಮಿರ್ಚಿ (ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ), ತಲೆಗೆ 40 ರೂಪಾಯಿ.

ಮೊದಲ ತಿಂಗಳು ಒಬ್ಬರಿಗೊಬ್ಬರು ಹೊಗಳಿ ಎದ್ದು ಬಂದೆವು. ಎರಡನೇ ತಿಂಗಳು ಐಟಿಐ ಮೇಷ್ಟ್ರು ನರ್ಸಮ್ಮನಿಗೆ ‘ನಿಮ್ಮ ದನಿ ಛಲೋ ಐತ್ರಿ, ಆದ್ರ...’ ಅಂದರು. ನರ್ಸಮ್ಮ ಅಲ್ಲಿಗೇ ಕೈ ಎತ್ತಿ, ‘ಆ “ಆದ್ರ” ಬರತೈತಿ ಅಂತ ಗೊತ್ತಿದ್ದಕ್ಕ ಮೊದಲಿನ ಮಾತು ನಾ ಕೇಳಸ್ಕೊಳ್ಳೇ ಇಲ್ಲ’ ಅಂದರು. ಜಗಳವೇ ಆಯಿತು. ‘ನಾ ಹಂಗ ಹಾಡಿದ್ದು ಯಾಕಂದ್ರ’ ಅಂತ ಅವರು ಕಾರಣ ಕೊಡೋದು, ಇವರು ಅದನ್ನು ತೆಗೆದು ಹಾಕೋದು. ಒಂದೂವರೆ ತಾಸು ಹೋಯಿತು, ನನ್ನ ರೆಕಾರ್ಡಿಂಗ್ ಹಾಕಲೇ ಇಲ್ಲ.

ಆವತ್ತಿನಿಂದ ‘ಆದ್ರ’ ಅಂದವರಿಗೆ ಮಿರ್ಚಿ ಇಲ್ಲ ಅಂತಾಯಿತು. ತಮಾಷೆಗೆ ಶುರುವಾದದ್ದು, ಈಗ ಖಾಯಂ. ಇನ್ನುಳಿದವು ಒಂದೊಂದಾಗಿ ಬಂದವು. ಹಾಡಿದವರು ಮೊದಲೇ ಒಂದು ಪ್ರಶ್ನೆ ಹೇಳಬೇಕು. ‘ಹೆಂಗಾತು’ ಅಂತ ಕೇಳಿದರೆ ‘ಛಲೋ ಆತು’ ಅನ್ನೋದು ಬಿಟ್ಟು ಯಾರೂ ಇನ್ನೇನೂ ಅನ್ನುವುದಿಲ್ಲ. ‘ಎರಡನೇ ಚರಣದಲ್ಲಿ ಲಯ ಓಡಿತಾ?’ ಅಂತ ಕೇಳಿದರೆ ಹೌದೋ ಅಲ್ಲವೋ ಅಂತ ಉತ್ತರ ಬರುತ್ತದೆ. ಹೇಳುವವರು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ಬರೆದುಕೊಂಡು ಹೇಳಬೇಕು. ಹಾಡಿದವರು ಕಾರಣ ಕೊಡಬಾರದು, ಬರೆದುಕೊಳ್ಳಬೇಕು. ಈ ಕೊನೆಯದು ನನಗೆ ಎಷ್ಟು ಕಷ್ಟವಾಯಿತೆಂದರೆ ಬಾಯಿಗೆ ಅಡಿಕೆ ಹಾಕಿಕೊಂಡು ಕೂಡುತ್ತಿದ್ದೆ.

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ಫೋನನ್ನು ಸ್ಪೀಕರ್ ಮುಂದೆ ಇಡಬೇಡಿ, ದನಿ ಒಡೆದು ಬರುತ್ತದೆ. ಜನರ ನಡುವೆ, ಮೂರನೇ ನಾಲ್ಕನೇ ಸಾಲಿನಲ್ಲಿ ಇಡಿಸಿ. ಏರೋಪ್ಲೇನ್ ಮೋಡ್ ಹಾಕಿಸಿ; ನನ್ನ ಒಂದು ಇಡೀ ವಚನ ಯಾರದೋ ಫೋನ್ ಕರೆಗೆ ಹೋಗಿದೆ. ಹಾಡಿದ ರಾತ್ರಿಯೇ ಕೇಳಬೇಡಿ. ಮೂರು ದಿನ ಬಿಟ್ಟು, ಮೊದಲ ಸಲ ಚಿತ್ರ ನೋಡದೆ ಬರೀ ಕಿವಿಯಿಂದ ಕೇಳಿ. 450 ರೂಪಾಯಿಯ ಸ್ಟ್ಯಾಂಡ್ ಒಂದು ತಗೊಂಡಿದ್ದೇನೆ, ಮೈದುನನ ಕೈ ನಡುಗೋದು ತಪ್ಪಿತು.

ವಚನ ಹಾಡುವಾಗ ಮಾತು ಸ್ಪಷ್ಟ ಇರಬೇಕು ಅಂತ ಮಾಸ್ತರರು ಪ್ರತಿ ಸಲ ನಮ್ಮ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರ ರೆಕಾರ್ಡ್ ಹಾಕಿ ಕೇಳಿಸುತ್ತಿದ್ದರು. ನಾವು ತಲೆದೂಗುತ್ತಿದ್ದೆವು. ಅದು ನನಗೇ ಹೇಳುತ್ತಿರುವುದು ಅಂತ ಒಂದು ಸಲವೂ ಅನ್ನಿಸಲಿಲ್ಲ.

ಇನ್ನು ಆ ಹುಡುಗನ ವಿಷಯ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಮೇ ತಿಂಗಳಲ್ಲಿ ಒಂದು ಜಾತ್ರೆಯಲ್ಲಿ ಅವನ ಹಾಡು. ನಾನೂ ಹೋಗಿದ್ದೆ. ನರ್ಸಮ್ಮನ ಜಗಳ ಬಗೆಹರಿಸಿದವಳು, ನಿಯಮಗಳನ್ನು ಬರೆದಿಟ್ಟವಳು ನಾನೇ ಅನ್ನೋ ಗತ್ತು ಬೇರೆ. ಅವನು ಮೇಲಿನ ಷಡ್ಜಕ್ಕೆ ಹೋದಾಗ ದನಿ ಎರಡು ಸಲ ಸೀಳಿತು. ಜನ ನಕ್ಕರು. ಅವನು ವೇದಿಕೆಯ ಕಟ್ಟಿಗೆ ಮೆಟ್ಟಿಲು ಇಳಿಯುತ್ತಿದ್ದಾನೆ, ಇನ್ನೂ ಕೊನೆ ಮೆಟ್ಟಿಲ ಮೇಲಿದ್ದಾನೆ, ನಾನು ಅಂದೆ: ‘ತಾರ ಷಡ್ಜ ಮುಟ್ಟಲಿಲ್ಲಪಾ ತಮ್ಮಾ, ರಿಯಾಜ್ ಕಡಿಮಿ ಆಗೈತಿ.’ ಪಕ್ಕದಲ್ಲಿ ಅವನ ಅಪ್ಪ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಹುಡುಗ ‘ಹೂಂರಿ ಅಕ್ಕಾರ’ ಅಂದ. ನೀರು ಕುಡಿಯಲಿಲ್ಲ, ಬಾಟಲಿ ಮುಚ್ಚಳ ತೆಗೆದ, ಹಾಕಿದ, ತೆಗೆದ.

ಜೂನ್‌ಗೆ ಬರಲಿಲ್ಲ. ಜುಲೈಗೂ ಇಲ್ಲ. ಫೋನ್ ಮಾಡಿದರೆ ಪರೀಕ್ಷೆ ಅಂತ ಉತ್ತರ. ಕಾರಟಗಿಗೆ ಹೋದೆ. ಅವನಪ್ಪನದು ಸಣ್ಣ ಹೋಟೆಲ್. ಅವರು ಚಹಾ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ, ಬೈಯಲೂ ಇಲ್ಲ. ‘ಮುಂಜಾನೆ ನಾಕೂವರಿಗೆ ಎದ್ದು ಹಾಡತಿದ್ದ್ರಿ. ರಿಯಾಜ್ ಕಡಿಮಿ ಅಂದ್ರಲ್ಲ, ಅದೊಂದು ಅವನ ಮನಸಿಗೆ ಹತ್ತೈತ್ರಿ’ ಅಂದರು. ಎಲ್ಲಿ ಮುಖ ಇಟ್ಟುಕೊಳ್ಳಬೇಕು ತಿಳಿಯಲಿಲ್ಲ.

ಹುಡುಗನನ್ನು ಹಿಂದಿನ ಕೋಣೆಗೆ ಕರೆದು ಅವನ ಹಾರ್ಮೋನಿಯಂ ತೆಗೆಸಿದೆ. ಅವನು ಕೂತದ್ದೇ ಕರಿ ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯೇ ಷಡ್ಜ), ಎರಡು ವರ್ಷದ ಹಿಂದೆ ಕಲಿಯುವಾಗ ಹಿಡಿದಿದ್ದ ಶ್ರುತಿ. ಮಾತಾಡುವ ದನಿ ಆಗಲೇ ಗಂಡಸಿನದಾಗಿತ್ತು. ಆ ವಯಸ್ಸಿನಲ್ಲಿ ಗಂಟಲು ಬಲಿತು ದನಿ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗಿಳಿಯುತ್ತದೆ. ಅವನು ಹಳೇ ಶ್ರುತಿಯನ್ನೇ ಹಿಡಿದು ಜಗ್ಗುತ್ತಿದ್ದ. ನಾಲ್ಕೂವರೆಗಲ್ಲ, ಎರಡೂವರೆಗೆ ಎದ್ದು ಹಾಡಿದರೂ ಆ ಷಡ್ಜ ಹತ್ತುತ್ತಿರಲಿಲ್ಲ. ಕರಿ ಒಂದಕ್ಕೆ ಇಳಿಸಿ ಹಾಡು ಅಂದೆ. ಹಾಡಿದ. ಸೀಳಲಿಲ್ಲ. ನನಗೆ ಕೇಳಿಸಿದ್ದು ಸರಿಯೇ ಇತ್ತು, ಷಡ್ಜ ಮುಟ್ಟಿರಲಿಲ್ಲ. ಅದಕ್ಕೆ ಕಾರಣ ನಾನೇ ಕಟ್ಟಿ ಹೇಳಿದ್ದೆ, ಆ ಕಾರಣ ಸುಳ್ಳು. ಕೇಳಿಸಿದ್ದನ್ನು ಮಾತ್ರ ಹೇಳಿ ಸುಮ್ಮನಿದ್ದಿದ್ದರೆ, ಅದನ್ನೂ ಮೂರು ದಿನ ಬಿಟ್ಟು ಹೇಳಿದ್ದರೆ, ಹುಡುಗನ ಎರಡು ತಿಂಗಳು ಉಳಿಯುತ್ತಿತ್ತು. ಅವನಪ್ಪನ ಮುಂದೆಯೇ ‘ತಪ್ಪಾತಪಾ’ ಅಂದೆ. ಅವನ ಮುಖ ನೋಡುವ ಧೈರ್ಯ ಆಗಲಿಲ್ಲ, ಹಾರ್ಮೋನಿಯಂ ನೋಡುತ್ತ ಅಂದೆ.

ಈ ವರ್ಷದ ಶ್ರಾವಣಕ್ಕೆ ಮಠದಿಂದ ಮತ್ತೆ ಕರೆ ಬಂತು (ಪತ್ರಿಕೆಯಲ್ಲಿ ಹೆಸರೂ ಬಂತು). ಈ ಸಲ ಹಾಡುವ ಮುಂಚೆಯೇ ಕೆಲಸ ಹಂಚಿದೆ. ಮಾಸ್ತರರು ಲಯ ನೋಡಬೇಕು. ಹುಡುಗ ಶ್ರುತಿ ನೋಡಬೇಕು. ಮಾತು ಕೇಳಿಸುತ್ತದೋ ಇಲ್ಲವೋ ನೋಡಲು ಸಂಗೀತದ ಗಂಧವೇ ಇಲ್ಲದವರು ಬೇಕಿತ್ತು, ಸಾಹಿತ್ಯ ಬಾಯಿಪಾಠ ಇದ್ದವರಿಗೆ ನಾವು ನುಂಗಿದ್ದೂ ಕೇಳಿಸಿಬಿಡುತ್ತದೆ. ಎದುರುಮನೆ ವೈನಿಗೆ ಹೇಳಿದೆ. ‘ನನಗೇನ್ ತಿಳಿತೈತ್ರಿ ಹಾಡು’ ಅಂದರು. ತಿಳಿಯೋದು ಬೇಡ, ನಾಲ್ಕನೇ ಸಾಲಿನಲ್ಲಿ ಕೂತು ವಚನದ ಪ್ರತಿ ಸಾಲಿನ ಕೊನೆಯ ಶಬ್ದ ಏನು ಕೇಳಿಸಿತೋ ಅದನ್ನು ಬರೀರಿ ಅಂದೆ. ಮಗಳ ರಫ್ ನೋಟ್‌ಬುಕ್ ಹಿಡಿದು ಬಂದು ಕೂತರು.

ಹಾಡಿದ್ದು ಶುಕ್ರವಾರ. ನಮ್ಮ ಕೂಟ ಅದರ ಮುಂದಿನ ವಾರದ ಭಾನುವಾರ, ಅಂದರೆ ಒಂಬತ್ತು ದಿನ. ಅಷ್ಟು ದಿನ ಯಾರೂ ಏನೂ ಹೇಳುವಂತಿಲ್ಲ. ವೈನಿ ದಿನಾ ಬೆಳಿಗ್ಗೆ ರಂಗೋಲಿ ಹಾಕುವಾಗ ನನ್ನ ನೋಡಿ ನಗುತ್ತಿದ್ದರು. ಆ ನಗುವಿನಲ್ಲಿ ಏನಿದೆ ಅಂತ ನಾಲ್ಕನೇ ದಿನಕ್ಕೆ ಹಾಲು ಉಕ್ಕಿಸಿಕೊಂಡೆ.

ಮೊನ್ನೆ ವೈನಿಯನ್ನೂ ಕರೆದುಕೊಂಡೇ ಕೊಪ್ಪಳಕ್ಕೆ ಹೋದೆ. ಮಾಸ್ತರರು ಮೊದಲು ಹೇಳಿದರು: ಎರಡನೇ ವಚನ ಕೆಹರ್ವಾ ತಾಳದಲ್ಲಿ ನಿಮಿಷಕ್ಕೆ 84 ಪೆಟ್ಟಿನಂತೆ ಶುರುವಾಗಿ 96ಕ್ಕೆ ಮುಗಿದಿತ್ತು, ಮೊಬೈಲಿನ ಮೆಟ್ರೊನೋಮ್ ಹಾಕಿ ಎಣಿಸಿದ್ದರು. ಹುಡುಗ ಎದ್ದು ನಿಂತು ಹೇಳಿದ. ಕೂತು ಹೇಳಪಾ ಅಂದರೂ ಕೂಡಲಿಲ್ಲ. ‘ಭೀಮ್‌ಪಲಾಸ್‌ನಾಗ 4 ನಿಮಿಷ 10 ಸೆಕೆಂಡಿಗೆ ಕೋಮಲ ನಿಷಾದ ಏರೈತ್ರಿ ಅಕ್ಕಾರ.’ ಅಷ್ಟೇ. ಕಾರಣ ಹೇಳಲಿಲ್ಲ. ಮಾನಿಟರ್ ಇರಲಿಲ್ಲ ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಅಡಿಕೆ ಕಡಿದೆ.

ವೈನಿ ನೋಟ್‌ಬುಕ್ ತೆಗೆದರು. ಸಾಲು ಸಾಲಾಗಿ ಓದಿದರು, ಎಲ್ಲ ಸರಿ. ಬಸವಣ್ಣನವರ ವಚನದ ಕೊನೆಗೆ ಬಂದು ನಿಂತರು.

‘ಇಲ್ಲಿ ಕೂಡಲಸಂಗಮ ಅಂತ ಬರದೀನ್ರಿ. ಮೂರು ಸಲ ಹಾಡಿದ್ರಿ, ಮೂರು ಸಲಾನೂ ಸಂಗಮ ಬಂತು, ದೇವ ಬರಲಿಲ್ಲ.’

ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕು ಮುಗಿಸುವುದರೊಳಗೆ ಮಾನ್ವಿ ಕಡೆಯ ಆ ಅಜ್ಜಿ ನೆನಪಾದರು. ಯಾವ ವಿಠಲ ಅಂತ ಕೇಳಿಸಲಿಲ್ಲ ನೋಡು.

ವಿಡಿಯೋ ಹಾಕಿದೆವು. ವರ್ಷವಿಡೀ ನಾನು ನನ್ನ ರೆಕಾರ್ಡಿಂಗ್‌ಗಳಲ್ಲಿ ಶ್ರುತಿ ಹುಡುಕಿದ್ದೆ, ಸ್ವರ ಹುಡುಕಿದ್ದೆ, ಮುಖ ನೋಡಿರಲಿಲ್ಲ. ಕೊನೆಯ ಸಾಲು ಬರುತ್ತದೆ. ಸಮ್ (ತಾಳದ ಮೊದಲ ಪೆಟ್ಟು) ಹಿಡಿಯಬೇಕು ಅಂತ ನಾನು ತಬಲಾದ ಕಡೆ, ಬಲಕ್ಕೆ, ಪೂರಾ ಮುಖ ತಿರುಗಿಸುತ್ತೇನೆ. ಬಾಯಿ ಮೈಕಿನಿಂದ ಒಂದು ಗೇಣು ಆಚೆ ಹೋಗುತ್ತದೆ. ಸಮ್ ಬಿದ್ದ ಮೇಲೆ, ತೃಪ್ತಿಯಿಂದ, ಮತ್ತೆ ಮೈಕಿಗೆ ಬರುತ್ತೇನೆ. ಹಳೇ ವಿಡಿಯೋಗಳನ್ನೆಲ್ಲ ಒಂದೊಂದೇ ತೆಗೆದೆವು. ಎಲ್ಲದರಲ್ಲೂ ಹೀಗೇ. ಕೆಲವೊಮ್ಮೆ ಬೇಗ ತಿರುಗಿದ್ದೇನೆ, ಆಗ ಅಂಕಿತದ ಮೊದಲರ್ಧ ಹೋಗಿದೆ. ಕೆಲವೊಮ್ಮೆ ತಡ, ಆಗ ಕೊನೆಯರ್ಧ. ವಚನಕಾರರು ಪ್ರತಿ ವಚನದ ಕೊನೆಗೂ ಇಟ್ಟ ಹೆಸರು, ದಾಸರು ಪ್ರತಿ ಪದದ ಕೊನೆಗೂ ಇಟ್ಟ ಹೆಸರು, ಅದೊಂದನ್ನೇ ನಾನು ಊರೂರಲ್ಲಿ ತಬಲಾಕ್ಕೆ ಹಾಡಿ ಬಂದಿದ್ದೆ.

‘ನನ್ನ ಮುಖ ನೋಡೂದು ಬಿಡು ತಂಗೀ’ ಅಂದರು ಮಾಸ್ತರರು. ‘ಸಮ್ ಎಲ್ಲಿಗೂ ಓಡಿ ಹೋಗಂಗಿಲ್ಲ.’

ವೈನಿಗೆ ಎರಡು ಮಿರ್ಚಿ ಜಾಸ್ತಿ ಹಾಕಿದರು. ಮನೆಗೆ ಬಂದು ಇಯರ್‌ಫೋನ್ ಹಾಕಿ ಭೀಮ್‌ಪಲಾಸ್ ಕೇಳಿದೆ. ಹುಡುಗ ಹೇಳಿದ 4:10 ಅಲ್ಲ, ನಿಷಾದ 4:06ರಿಂದಲೇ ಏರಿತ್ತು. ನಾಲ್ಕು ಸೆಕೆಂಡ್ ಬಿಟ್ಟುಕೊಟ್ಟಿದ್ದ.

ನಿನ್ನೆ ಭಜನಾ ಮಂಡಳಿಯವರಿಗೆ ಫೋನ್ ಮಾಡಿದೆ. ಆ ಅಜ್ಜಿ ಮಗಳ ಮನೆಗೆ ಅಂತ ಹೈದರಾಬಾದಿಗೆ ಹೋಗಿದ್ದಾರಂತೆ, ದೀಪಾವಳಿಗೆ ಬರುತ್ತಾರಂತೆ. ದೀಪಾವಳಿ ಆದ ಮೇಲಿನ ಏಕಾದಶಿ ನನಗೆ ಕೊಡ್ರಿ ಅಂದೆ. ಯಾವ ಪದ ಹಾಡತೀರಿ ಅಂತ ಕೇಳಿದರು. ಹೋದ ವರ್ಷದ್ದೇ ಅಂದೆ.